ನೋಟರಿ ಹತ್ತಿರ ಹೋಗುವ ಮುಂಚೆ: ನಮ್ಮ ಟೇಬಲ್ಲಿಗೆ ಬರುವ ಪ್ರಶ್ನೆಗಳು

ಹುಬ್ಬಳ್ಳಿ ಕೋರ್ಟಿನ ಬಗಲಿಗೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನ್, ಎರಡು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ನಾನು ವಕೀಲನಲ್ಲ. ಆದರೆ ನೋಟರಿ ಹತ್ತಿರ ಹೋಗುವ ಕಾಗದಗಳು ಮೊದಲು ನಮ್ಮಂಥವರ ಕೈಯಲ್ಲೇ ಹುಟ್ಟುತ್ತವೆ. ಹಂಗಾಗಿ ಜನ ಎಲ್ಲಿ ಎಡವುತ್ತಾರೆ ಅನ್ನೋದು ಚೆನ್ನಾಗಿ ಗೊತ್ತು. ಕುಂದಗೋಳದಿಂದ ಬಸ್ ಹಿಡಿದು ಬಂದವರು ಒಂದು ಸಣ್ಣ ಕಾಗದ ಮರೆತು ವಾಪಸ್ ಹೋಗುವುದನ್ನು ನೋಡಿ ನೋಡಿ ಇದನ್ನು ಬರೆದಿದ್ದೇನೆ. ಕೇಸು ಗೀಸು ಇದ್ದರೆ ಮಾತ್ರ ವಕೀಲರನ್ನೇ ಕೇಳಿ.

ನೋಟರಿ ಅಂದರೆ ಯಾರು? ಎಲ್ಲಾ ವಕೀಲರೂ ನೋಟರಿನಾ?

ಅಲ್ಲ. ನೋಟರಿ ಆಗುವವರು ಸಾಮಾನ್ಯವಾಗಿ ವಕೀಲರೇ, ಆದರೆ ಎಲ್ಲಾ ವಕೀಲರೂ ನೋಟರಿ ಅಲ್ಲ. 1952ರ ನೋಟರಿ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರ ಅಥವಾ ರಾಜ್ಯ ಸರ್ಕಾರ ಇವರನ್ನು ನೇಮಿಸುತ್ತದೆ. ಕಡಿಮೆ ಅಂದರೂ 10 ವರ್ಷ ವಕೀಲಿ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಸರ್ಟಿಫಿಕೇಟು 5 ವರ್ಷಕ್ಕೆ ಕೊಡುತ್ತಾರೆ, ಆಮೇಲೆ ನವೀಕರಣ ಮಾಡಿಸಬೇಕು.

ನೋಟರಿ ಸೀಲು ಬಿದ್ದರೆ ಕಾಗದದಲ್ಲಿ ಬರೆದಿದ್ದೆಲ್ಲಾ ನಿಜ ಅಂತ ಆಯ್ತಲ್ವಾ?

ಇಲ್ಲ. ದಯವಿಟ್ಟು ಈ ಒಂದು ಉತ್ತರವನ್ನು ಪೂರ್ತಿ ಓದಿ, ಉಳಿದಿದ್ದು ಬಿಟ್ಟರೂ ನಡೆಯುತ್ತದೆ.

ನೀವು ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) "ನನಗೆ ಸ್ವಂತ ಮನೆ ಇಲ್ಲ" ಅಂತ ಬರೆಸಿದಿರಿ ಅನ್ನಿ. ನೋಟರಿ ನಿಮ್ಮ ಮನೆಗೆ ಬಂದು ನೋಡುವುದಿಲ್ಲ. ಅವರು ನೋಡುವುದು ಇಷ್ಟು: ಎದುರಿಗೆ ನಿಂತವರು ಆಧಾರ್‌ನಲ್ಲಿರುವ ಅದೇ ಮನುಷ್ಯರಾ, ಕಾಗದದಲ್ಲಿ ಏನಿದೆ ಅಂತ ಇವರಿಗೆ ಗೊತ್ತಾ, ಯಾರ ಒತ್ತಾಯವೂ ಇಲ್ಲದೆ ನನ್ನ ಮುಂದೆಯೇ ಸಹಿ ಮಾಡಿದರಾ. ಈ ಮೂರಕ್ಕೆ ಅವರು ಸಾಕ್ಷಿ. ಬರೆದಿದ್ದು ನಿಜವೋ ಸುಳ್ಳೋ ಅನ್ನುವ ಹೊಣೆ ಸಹಿ ಮಾಡಿದವರದು.

ಇದು ಗೊತ್ತಿಲ್ಲದೆ ಜನ ಎರಡು ಕಡೆಯಿಂದ ಮೋಸ ಹೋಗುತ್ತಾರೆ. ಒಬ್ಬರು "ಸೀಲ್ ಬಿದ್ದೈತಲ್ಲ, ಇನ್ನೇನು" ಅಂತ ಬೇರೆಯವರ ಕಾಗದ ನಂಬುತ್ತಾರೆ. ಇನ್ನೊಬ್ಬರು "ಸೀಲ್ ಬಿದ್ದರ ಮುಗೀತು" ಅಂತ ತಮ್ಮ ಕೆಲಸವನ್ನು ಅರ್ಧಕ್ಕೆ ಬಿಡುತ್ತಾರೆ. ಪ್ಲಾಟಿನ ವಿಷಯಕ್ಕೆ ಬಂದಾಗ ಮತ್ತೆ ಹೇಳುತ್ತೇನೆ.

ನನಗೆ ನಿಜವಾಗಲೂ ನೋಟರಿ ಬೇಕಾ, ಬೇಡವಾ? ಹೇಗೆ ತಿಳಿಯೋದು?

ಕಾಗದ ಕೇಳಿದ ಆಫೀಸಿಗೇ ಹೋಗಿ ಕೇಳಿ. "ಅಫಿಡವಿಟ್ ತಗೊಂಡ್ ಬಾ" ಅಂದರೆ ಅಲ್ಲೇ ನಿಂತು ನಾಲ್ಕು ಮಾತು ಕೇಳಿಕೊಳ್ಳಿ. ನೋಟರಿ ಮುಂದೆ ಆಗಬೇಕಾ, ಮ್ಯಾಜಿಸ್ಟ್ರೇಟ್ ಮುಂದೆನಾ? ಎಷ್ಟು ರೂಪಾಯಿ ಬಾಂಡ್ (ಸ್ಟ್ಯಾಂಪ್ ಕಾಗದ)? ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ? ಅವರದೇ ನಮೂನೆ ಇದೆಯಾ? ನಮೂನೆ ಇದ್ದರೆ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಬನ್ನಿ. ಟೈಪ್ ಮಾಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಎಷ್ಟೋ ಸಲ ನೋಟರಿ ಬೇಕಾಗಿಯೇ ಇರುವುದಿಲ್ಲ. ಪಾಸ್‌ಪೋರ್ಟ್ ತಗೊಳ್ಳಿ. 2016ರ ಡಿಸೆಂಬರ್‌ನಲ್ಲೇ ನಿಯಮ ಬದಲಾಗಿದೆ. ಅರ್ಜಿ ಜೊತೆ ಕೊಡುವ ಅನುಬಂಧಗಳನ್ನು ಬಿಳಿ ಹಾಳೆ ಮೇಲೆ ನೀವೇ ಘೋಷಿಸಿ ಸಹಿ ಮಾಡಿದರೆ ಸಾಕು, ನೋಟರಿ ಬೇಡ. ಆದರೂ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೊರಟವರು ದಾರಿಯಲ್ಲಿ ನಮ್ಮ ಅಂಗಡಿಗೆ ಬಂದು "ಒಂದು ಅಫಿಡವಿಟ್ ಇರಲಿ ಬಿಡ್ರಿ" ಅನ್ನುತ್ತಾರೆ. ನನಗೆ ನಾಲ್ಕು ಕಾಸು ಸಿಗುತ್ತದೆ ನಿಜ, ಆದರೆ ಸುಮ್ನೆ ಯಾಕೆ?

ಜನನ ನೋಂದಣಿಯೂ ಅಷ್ಟೇ. 30 ದಿನ ದಾಟಿ ವರ್ಷದ ಒಳಗೆ ನೋಂದಾಯಿಸುವವರಿಗೆ ಮೊದಲು ನೋಟರಿ ಅಫಿಡವಿಟ್ ಬೇಕಿತ್ತು. 2023ರ ಅಕ್ಟೋಬರ್‌ನಿಂದ ಜಾರಿಯಾದ ತಿದ್ದುಪಡಿಯಲ್ಲಿ ಅದರ ಬದಲು ಸ್ವಯಂ ದೃಢೀಕರಿಸಿದ ದಾಖಲೆ ಅಂತ ಮಾಡಿದ್ದಾರೆ.

ಅಪಾಯಿಂಟ್‌ಮೆಂಟ್ ತಗೋಬೇಕಾ? ಯಾವ ಹೊತ್ತಿಗೆ ಹೋದರೆ ಒಳ್ಳೇದು?

ನಮ್ಮ ಕಡೆ ಫೋನ್ ಮಾಡಿ ಬಂದರೆ ಅದೇ ಅಪಾಯಿಂಟ್‌ಮೆಂಟ್. ನೋಟರಿಗಳು ವಕೀಲರೂ ಹೌದಲ್ಲ, ಹನ್ನೊಂದರ ಮೇಲೆ ಅವರ ಕೇಸು ಕೂಗಿದರೆ ಎದ್ದು ಕೋರ್ಟ್ ಹಾಲಿಗೆ ಹೋಗುತ್ತಾರೆ. ಆಗ ನೀವು ಬೆಂಚಿನ ಮೇಲೆ ಕೂತು ಕಾಯಬೇಕು. ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗೆ, ಇಲ್ಲಾ ಸಂಜೆ ಐದರ ಮೇಲೆ ಅವರ ಆಫೀಸಿಗೆ ಹೋಗುವುದು ಒಳ್ಳೆಯದು. ಸೋಮವಾರ ಗದ್ದಲ ಜಾಸ್ತಿ. ಕಾಲೇಜು ಅಡ್ಮಿಷನ್ ಶುರುವಾದರಂತೂ ಓದು ನಡುವೆ ಬಿಟ್ಟಿದ್ದಕ್ಕೆ ಕೊಡುವ ಗ್ಯಾಪ್ ಅಫಿಡವಿಟ್‌ಗೆ ಬಂದ ಹುಡುಗರ ಸಾಲು ಬೀದಿವರೆಗೆ ಬರುತ್ತದೆ.

ಹೊರಗಿನಿಂದ ಬರುವವರಿಗೆ ಇನ್ನೊಂದು ಮಾತು. ಆಟೋ ಹತ್ತಿ ಬರೇ "ಕೋರ್ಟ್" ಅಂದರೆ ಹಳೇ ಕೋರ್ಟ್ ಸರ್ಕಲ್‌ಗೆ ಒಯ್ದು ಬಿಡುವವರು ಇನ್ನೂ ಇದ್ದಾರೆ. "ವಿದ್ಯಾನಗರ, ಹೊಸ ಕೋರ್ಟ್" ಅನ್ನಿ.

ಏನೇನು ತರಬೇಕು?

ಸಹಿ ಮಾಡುವ ಪ್ರತಿಯೊಬ್ಬರ ಮೂಲ ಗುರುತಿನ ಚೀಟಿ. ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ನಡೆಯುತ್ತದೆ. ಅದರ ಝೆರಾಕ್ಸ್. ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ. ಕಾಗದಕ್ಕೆ ಸಂಬಂಧಪಟ್ಟ ಮೂಲ ದಾಖಲೆ, ಅಂದರೆ ಉತಾರ (ಹೊಲದ ಪಹಣಿ), ಮಾರ್ಕ್ಸ್ ಕಾರ್ಡ್, ಮರಣ ಪತ್ರ ಹೀಗೆ ಏನಿದೆಯೋ ಅದು. ಸಾಕ್ಷಿದಾರರು ಬೇಕಿದ್ದರೆ ಅವರೂ, ಅವರ ಆಧಾರೂ.

ಮೊಬೈಲ್‌ನಲ್ಲಿರುವ ಆಧಾರ್ ಫೋಟೋ ತೋರಿಸಿ "ಇದರಾಗ ನೋಡ್ರಿ ಸರ" ಅನ್ನಬೇಡಿ. ಕಾರ್ಡ್ ಕೈಯಲ್ಲಿ ಇರಲಿ.

ಇನ್ನೊಂದು, ಅಂಗಡಿಯವನಾಗಿ ನಾನೇ ಹೇಳುತ್ತಿದ್ದೇನೆ: ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿ ಬಂದರೆ ಅದನ್ನು ಅಲ್ಲೇ ಬಿಟ್ಟು ಹೋಗಬೇಡಿ, ಹರಿದು ಜೇಬಿಗೆ ಹಾಕಿಕೊಳ್ಳಿ. ಆಧಾರ್ ಪ್ರತಿ ಮೇಲೆ ಅಡ್ಡಗೆರೆ ಎಳೆದು ಯಾವ ಕೆಲಸಕ್ಕೆ ಕೊಟ್ಟಿದ್ದು, ಯಾವ ತಾರೀಖು ಅಂತ ಬರೆದು ಸಹಿ ಮಾಡಿ ಕೊಡಿ.

ಮನೆಯಲ್ಲೇ ಸಹಿ ಮಾಡಿಕೊಂಡು ಬಂದರೆ ಟೈಮ್ ಉಳಿಯುತ್ತಲ್ವಾ?

ಉಳಿಯೋದಿಲ್ಲ, ಡಬಲ್ ಆಗುತ್ತದೆ. ನೋಟರಿ ಮುಂದೆ ಕೂತು ಸಹಿ ಮಾಡಬೇಕು, ಅದೇ ಇದರ ಜೀವ.

ಹೋದ ಮಳೆಗಾಲದಲ್ಲಿ ನವಲಗುಂದ ಕಡೆಯ ಅಣ್ಣ ತಮ್ಮಂದಿರು ನಾಲ್ವರು ಒಂದು ಕಾಗದ ಮಾಡಿಸಲು ಬಂದರು. ಬಂದಿದ್ದು ಮೂವರು. ನಾಲ್ಕನೆಯವನ ಸಹಿ ಆಗಲೇ ಕಾಗದದ ಮೇಲಿತ್ತು. "ತಮ್ಮ ಪುಣೆದಾಗ ಇರ್ತಾನ್ರೀ, ಪಂಚಮಿಗೆ ಬಂದಾಗ ಸಹಿ ಮಾಡಿ ಹೋಗ್ಯಾನ" ಅಂದರು ದೊಡ್ಡವರು. ನೋಟರಿ ಸಾಹೇಬರು ಕನ್ನಡಕ ಹಣೆ ಮೇಲೇರಿಸಿ, "ಕಾಕಾ, ನಿಮ್ಮ ತಮ್ಮನ್ನ ನಾ ನೋಡಿಲ್ಲಲ್ಲ. ನೋಡಲಾರದ್ದಕ್ಕ ನೋಡೇನಿ ಅಂತ ಹೆಂಗ ಸೀಲ್ ಹಾಕಲಿ?" ಅಂದು ಕಾಗದವನ್ನು ಹಂಗೇ ಮಡಚಿ ವಾಪಸ್ ಕೊಟ್ಟರು. ದೊಡ್ಡವರಿಗೆ ಸಿಟ್ಟು ಬಂತು. ಆದರೆ ಸಾಹೇಬರು ಹೇಳಿದ್ದೇ ಸರಿ. ನಾಳೆ ಆ ತಮ್ಮ "ಅದು ನನ್ನ ಸಹಿ ಅಲ್ಲ" ಅಂದರೆ ಆ ಕಾಗದಕ್ಕೆ ಏನು ಬೆಲೆ? ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಿದರೂ ಅದೇ ಕಥೆ.

ಬಂದವರ ಮುಖ ನೋಡದೆ ಸೀಲ್ ಒತ್ತಿ ಕೊಡುವವರು ಎಲ್ಲೋ ಸಿಗಬಹುದು. ಅಂಥ ಕಾಗದ ಜಗಳ ಇಲ್ಲದಿರುವ ತನಕ ಮಾತ್ರ ನಡೆಯುತ್ತದೆ.

ಬಾಂಡ್ ಎಷ್ಟರದು ತಗೋಬೇಕು? ಹಳೇ 20 ರೂಪಾಯಿ ಬಾಂಡ್ ಮನೆಯಲ್ಲಿದೆ, ನಡೆಯುತ್ತಾ?

ನಾವು ಬಾಂಡ್ ಅನ್ನುವುದು ಈಗ ಇ-ಸ್ಟ್ಯಾಂಪ್ ಕಾಗದ. ಹಳೇ ಛಾಪಾ ಕಾಗದ ಕರ್ನಾಟಕದಲ್ಲಿ ತೆಲಗಿ ಹಗರಣ ಬಯಲಾದ ಮೇಲೆ ನಿಂತುಹೋಯಿತು. ಆ ಖೋಟಾ ಕಾಗದದ ಸರದಾರ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರದವನೇ. ಈಗ ಕೆಲವು ಪತ್ತಿನ ಸಹಕಾರಿ ಸಂಘಗಳಲ್ಲಿ, ಗೊತ್ತುಪಡಿಸಿದ ಕೌಂಟರ್‌ಗಳಲ್ಲಿ ಇ-ಸ್ಟ್ಯಾಂಪ್ ಸಿಗುತ್ತದೆ.

ಅಫಿಡವಿಟ್‌ಗೆ ಮೊದಲು 20 ರೂಪಾಯಿ ಇತ್ತು. 2024ರ ಫೆಬ್ರವರಿಯಿಂದ 100 ರೂಪಾಯಿ ಆಗಿದೆ. ಹಂಗಾಗಿ ಹಳೇ ಲೆಕ್ಕ ಬಿಡಿ. ಕೋರ್ಟಿನಲ್ಲೇ ಹಾಕಲು ಮಾಡುವ ಅಫಿಡವಿಟ್‌ಗೆ ಈ ಸ್ಟ್ಯಾಂಪ್ ಸುಂಕ ಇಲ್ಲ. ಕರಾರು, ಮುಖ್ತಿಯಾರ್ ಪತ್ರ (ನಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ) ಮುಂತಾದವಕ್ಕೆ ಬೇರೆ ಬೇರೆ ದರ. "ಎಲ್ಲದಕ್ಕೂ 100ರ ಬಾಂಡ್ ಸಾಕು" ಅನ್ನುವುದು ತಪ್ಪು. ಸುಂಕ ಕಡಿಮೆ ಬಿದ್ದ ಕಾಗದವನ್ನು ಕೋರ್ಟ್ ಹಂಗೇ ಒಪ್ಪುವುದಿಲ್ಲ, ದಂಡ ಕಟ್ಟಿಸಿಕೊಳ್ಳುತ್ತದೆ.

ಇ-ಸ್ಟ್ಯಾಂಪ್ ತಗೊಳ್ಳುವಾಗ ಕೌಂಟರ್‌ನವರು ಮೊದಲ ಪಾರ್ಟಿ ಯಾರು, ಎರಡನೇ ಪಾರ್ಟಿ ಯಾರು, ಯಾವ ದಾಖಲೆ ಅಂತ ಕೇಳುತ್ತಾರೆ. ಗಡಿಬಿಡಿಯಲ್ಲಿ ಬಾಯಿಗೆ ಬಂದ ಹೆಸರು ಹೇಳಬೇಡಿ. ಆಧಾರ್‌ನಲ್ಲಿ ಇದ್ದಂತೆ ಚೀಟಿಯಲ್ಲಿ ಬರೆದುಕೊಡಿ. ಮಗ ಹೋಗಿ ತನ್ನ ಹೆಸರಲ್ಲಿ ಬಾಂಡ್ ತಂದು, ಅಪ್ಪ ಅದರ ಮೇಲೆ ಅಫಿಡವಿಟ್ ಮಾಡಿಸಲು ಬರುವುದು ವಾರಕ್ಕೆ ಒಂದಾದರೂ ಇರುತ್ತದೆ. ಮತ್ತೆ ನೂರು ರೂಪಾಯಿ ದಂಡ.

ಬಾಂಡ್ ಆರು ತಿಂಗಳಿಗೆ ಸತ್ತುಹೋಗುತ್ತದೆ ಅನ್ನುವ ಮಾತೂ ಇದೆ. ಆರು ತಿಂಗಳ ಲೆಕ್ಕ ಇರುವುದು ಬಳಸದ ಕಾಗದದ ಹಣ ವಾಪಸ್ ಕೇಳಲು. ಹಳೇ ಕಾಗದ ಬಳಸಿದ ಮಾತ್ರಕ್ಕೆ ದಸ್ತಾವೇಜು ಅಸಿಂಧು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆದರೂ ಕೌಂಟರ್‌ನಲ್ಲಿ ಕೂತ ಗುಮಾಸ್ತರ ಜೊತೆ ಈ ವಾದ ಮಾಡುವ ಬದಲು ಹೊಸದು ತಗೊಳ್ಳುವುದು ವಾಸಿ.

ಆಧಾರ್‌ನಲ್ಲಿ ಒಂದು ಹೆಸರು, ಉತಾರದಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು. ಏನು ಮಾಡಲಿ?

ನಮ್ಮ ಸೀಮೆಯ ದೊಡ್ಡ ರೋಗ ಇದು. ನನ್ನ ಅಂಗಡಿಯ ಅರ್ಧ ವ್ಯಾಪಾರ ಇದರಿಂದಲೇ.

ನಮ್ಮಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ಸಾಲಿ ದಾಖಲೆಯಲ್ಲಿ ಅಡ್ಡಹೆಸರು ಮುಂದೆ ಬರುತ್ತದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಅದು ಇರುವುದೇ ಇಲ್ಲ. ಉತಾರದಲ್ಲಿ "ಬಸಪ್ಪ", ವೋಟರ್ ಐಡಿಯಲ್ಲಿ "ಬಸವಣ್ಣೆಪ್ಪ", ಊರಲ್ಲಿ ಕರೆಯುವುದು "ಬಸ್ಯಾ". ಮದುವೆಯಾದ ಹೆಣ್ಣುಮಕ್ಕಳದಂತೂ ಕೇಳಲೇಬೇಡಿ. ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು, ತವರಿನ ಅಡ್ಡಹೆಸರಿನ ಜಾಗಕ್ಕೆ ಗಂಡನ ಮನೆಯದು. ಕೆಲವು ಮನೆಯಲ್ಲಿ ಸ್ವಂತ ಹೆಸರನ್ನೂ ಬದಲಿಸಿರುತ್ತಾರೆ. ತವರಿನ ಆಸ್ತಿ ಪಾಲಿನ ಹೊತ್ತಿಗೆ ಇದೆಲ್ಲಾ ಎದ್ದು ಕೂಡುತ್ತದೆ.

ಊರಿನ ಹೆಸರಿನದೂ ಅದೇ ಕಾಟ. ಗದಗ, ಹಾವೇರಿ ಬೇರೆ ಜಿಲ್ಲೆಗಳಾಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ರೋಣದಲ್ಲೋ ಹಾನಗಲ್ಲಿನಲ್ಲೋ ಹುಟ್ಟಿದವರ ದಾಖಲೆಯಲ್ಲಿ "ಜಿಲ್ಲೆ: ಧಾರವಾಡ" ಅಂತಲೇ ಇರುತ್ತದೆ. ಅದು ತಪ್ಪಲ್ಲ, ಆಗ ಇದ್ದದ್ದೇ ಹಂಗೆ. 2014ರ ನವೆಂಬರ್ 1ರಂದು ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಹಳೇ ಕಾಗದ ಹೊಸ ಕಾಗದ ಎರಡೂ ಸರಿ ಅಂತ ದೂರದ ಊರಿನ ಕಂಪನಿಯವರಿಗೆ ತಿಳಿಸಿ ಹೇಳುವುದೇ ಒಂದು ಕೆಲಸ.

ಇದಕ್ಕೆ ಮಾಡಿಸುವುದು "ಇಬ್ಬರೂ ಒಬ್ಬರೇ" ಅನ್ನುವ ಅಫಿಡವಿಟ್. ಯಾವ ಯಾವ ದಾಖಲೆಯಲ್ಲಿ ಯಾವ ಯಾವ ಹೆಸರಿದೆ ಅಂತ ದಾಖಲೆ ನಂಬರ್ ಸಮೇತ ಬರೆದು, ಇವೆಲ್ಲಾ ನಾನೇ ಅಂತ ಪ್ರಮಾಣ ಮಾಡುವುದು. ಬರೆಸುವಾಗ ಅಕ್ಷರ ಅಕ್ಷರ ನೋಡಿ. ಒಂದು ಸಲ ನಾನೇ ಎಡವಟ್ಟು ಮಾಡಿದೆ. ಹೆಸರಿನ ತಪ್ಪು ಸರಿಮಾಡಲು ಬಂದವರ ಅಫಿಡವಿಟ್‌ನಲ್ಲಿ "ಈರಪ್ಪ"ನನ್ನು "ವೀರಪ್ಪ" ಅಂತ ಹೊಡೆದಿದ್ದೆ. ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಎರಡು ಹೆಸರಿದ್ದವರಿಗೆ ನನ್ನ ಕೈಯಿಂದ ಮೂರನೆಯದು ಆಯಿತು! ಬಾಂಡ್, ಪ್ರಿಂಟ್, ನೋಟರಿ ಎಲ್ಲಾ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಸಿಕೊಟ್ಟೆ. ಆವತ್ತಿನಿಂದ ಪ್ರಿಂಟ್ ಕೊಡುವ ಮುಂಚೆ ಜೋರಾಗಿ ಓದಿಸಿಯೇ ಕೊಡುತ್ತೇನೆ.

ಹೆಸರನ್ನೇ ಪೂರ್ತಿ ಬದಲಿಸಬೇಕು ಅಂದರೆ ಈ ಅಫಿಡವಿಟ್ ಒಂದೇ ಸಾಲದು. ಪೇಪರ್‌ನಲ್ಲಿ ಪ್ರಕಟಣೆ, ಗೆಜೆಟ್ ಅಂತ ಮುಂದಿನ ಹೆಜ್ಜೆಗಳಿವೆ.

ಅಜ್ಜಿಗೆ ಸಹಿ ಬರೋದಿಲ್ಲ. ಹೆಬ್ಬೆಟ್ಟು ನಡೆಯುತ್ತಾ?

ನಡೆಯುತ್ತದೆ. ಎಡಗೈ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಅಂತ ಬರೆಯುತ್ತಾರೆ. ಕಾಗದವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಓದಿ ಹೇಳಿದ್ದೇವೆ ಅಂತ ಕಾಗದದಲ್ಲೂ ಬರೆಯಬೇಕು.

ವಾರಸಾ ಕೆಲಸಕ್ಕೆ ಒಬ್ಬ ಅಜ್ಜಿಯನ್ನು ಮೊಮ್ಮಗ ಕರಕೊಂಡು ಬಂದಿದ್ದ. ನೋಟರಿ ಅಮ್ಮಾರು ಮೊಮ್ಮಗನನ್ನು ಹೊರಗೆ ಕಳಿಸಿ, ಅಜ್ಜಿಯ ಕುರ್ಚಿ ಹತ್ತಿರ ಎಳೆದುಕೊಂಡು, "ಯವ್ವಾ, ಇದರಾಗ ಏನ್ ಬರದೈತಿ ಗೊತ್ತೈತೇನು?" ಅಂತ ಕೇಳಿದರು. ಅಜ್ಜಿ, "ಹೊಲ ಮೂರೂ ಮಕ್ಕಳ ಹೆಸರಿಗೆ ಆಗ್ತೈತಂತ" ಅಂದಳು. ಕಾಗದದಲ್ಲಿ ಇದ್ದದ್ದು ಇಬ್ಬರ ಹೆಸರು. ಮಗಳ ಹೆಸರು ಬಿಟ್ಟಿತ್ತು. ಅಮ್ಮಾರು ಶಾಯಿ ಡಬ್ಬಿ ಮುಚ್ಚಿಬಿಟ್ಟರು. ಒಂದು ವಾರ ಬಿಟ್ಟು ಮೂರೂ ಹೆಸರು ಸೇರಿಸಿ ಮತ್ತೆ ಟೈಪ್ ಮಾಡಿಸಿಕೊಂಡು ಹೋದರು.

ಅಪ್ಪ ಹಾಸಿಗೆ ಹಿಡಿದಿದ್ದಾರೆ, ನೋಟರಿ ಮನೆಗೆ ಬರುತ್ತಾರಾ?

ಬರುತ್ತಾರೆ, ಮೊದಲೇ ಕೇಳಿಕೊಳ್ಳಿ. ಹೋಗಿ ಬರುವ ಖರ್ಚು ಬೇರೆ ಕೊಡಬೇಕು. ಎಚ್ಚರ ಇದೆ, ಮಾತು ತಿಳಿಯುತ್ತದೆ ಅನ್ನುವ ಡಾಕ್ಟರ್ ಚೀಟಿ ಇಟ್ಟುಕೊಂಡರೆ ಮುಂದೆ ಅನುಕೂಲ. ಪ್ರಜ್ಞೆ ಇಲ್ಲದವರ ಬೆರಳು ಹಿಡಿದು ಒತ್ತಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಸಾಕ್ಷಿ ಬೇಕಾ? "ಗುರುತಿಸಿದವರು" ಅಂತ ಇರೋದು ಯಾರಿಗೆ?

ಬರೇ ಅಫಿಡವಿಟ್‌ಗೆ ಸಾಕ್ಷಿ ಬೇಡ. ಕರಾರು, ಮುಖ್ತಿಯಾರ್ ಪತ್ರಕ್ಕೆ ಇಬ್ಬರು ಇರಲಿ. "ಗುರುತಿಸಿದವರು" ಅನ್ನುವಲ್ಲಿ ಸಾಮಾನ್ಯವಾಗಿ ನಿಮ್ಮನ್ನು ಬಲ್ಲ ವಕೀಲರು ಸಹಿ ಮಾಡುತ್ತಾರೆ. ಬಾಗಿಲ ಹೊರಗೆ ನಿಂತ ಅಪರಿಚಿತರನ್ನು ಚಹಾ ಕುಡಿಸಿ ಸಾಕ್ಷಿ ಹಾಕಿಸಬೇಡಿ. ನಾಳೆ ಕೋರ್ಟ್ ಕರೆದರೆ ಅವರನ್ನು ಎಲ್ಲಿ ಹುಡುಕುತ್ತೀರಿ?

ನೋಟರಿ ಫೀ ಎಷ್ಟು?

ದರವನ್ನು 1956ರ ನೋಟರಿ ನಿಯಮಗಳಲ್ಲಿ ಗೊತ್ತುಮಾಡಿದ್ದಾರೆ, ಆಗಾಗ ಪರಿಷ್ಕರಣೆ ಆಗುತ್ತದೆ. ಆ ದರಪಟ್ಟಿಯನ್ನು ನೋಟರಿ ತಮ್ಮ ಆಫೀಸಿನ ಒಳಗೂ ಹೊರಗೂ ಕಾಣುವಂತೆ ಹಾಕಬೇಕು, ತಗೊಂಡ ಹಣಕ್ಕೆ ರಸೀದಿ ಕೊಡಬೇಕು. ಕೇಳಿದರೆ ತಪ್ಪಿಲ್ಲ. ಇ-ಸ್ಟ್ಯಾಂಪ್ ಹಣ, ಟೈಪಿಂಗ್ ಹಣ, ನೋಟರಿ ಟಿಕೆಟ್ (ಕಾಗದಕ್ಕೆ ಅಂಟಿಸುವ ಸ್ಟ್ಯಾಂಪು), ನೋಟರಿ ಫೀ ಇವೆಲ್ಲಾ ಬೇರೆ ಬೇರೆ. ಎಲ್ಲಾ ಸೇರಿಸಿ ಒಬ್ಬನೇ ಒಂದು ಮೊತ್ತ ಹೇಳಿದರೆ ಬಿಡಿಸಿ ಕೇಳಿ, ನನ್ನನ್ನೂ ಸೇರಿಸಿ.

ಸೀಲ್ ಅಸಲಿಯೋ ನಕಲಿಯೋ ಹೇಗೆ ನೋಡೋದು?

ಮುದ್ರೆ ದುಂಡಗಿರಬೇಕು, 5 ಸೆಂಟಿಮೀಟರ್ ಅಡ್ಡಳತೆ ಅಂತ ನಿಯಮವೇ ಇದೆ. ಅದರಲ್ಲಿ ನೋಟರಿಯ ಹೆಸರು, ಕೆಲಸ ಮಾಡುವ ಪ್ರದೇಶ, ನೋಂದಣಿ ನಂಬರ್, ಯಾವ ಸರ್ಕಾರ ನೇಮಿಸಿದ್ದು ಅನ್ನುವುದು ಇರಬೇಕು. ಸೀಲ್ ಜೊತೆ ಸಹಿ, ತಾರೀಖು, ನೋಟರಿ ಟಿಕೆಟ್ ಇರಬೇಕು. ಎಲ್ಲಕ್ಕಿಂತ ಮುಖ್ಯ ರಿಜಿಸ್ಟರ್ ನಂಬರ್. ನೋಟರಿ ಹತ್ತಿರ ಒಂದು ದೊಡ್ಡ ಪುಸ್ತಕ ಇರುತ್ತದೆ. ನಿಮ್ಮ ಕಾಗದದ ವಿವರ ಬರೆದು ಅದರಲ್ಲೂ ನಿಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಪುಸ್ತಕದಲ್ಲಿ ಸಹಿ ಮಾಡಿಸದೆ ಕಾಗದ ಕೈಗೆ ಕೊಟ್ಟರೆ "ಸರ, ರಿಜಿಸ್ಟರ್‌ನಾಗ ಸಹಿ?" ಅಂತ ನೀವೇ ನೆನಪಿಸಿ. ನೋಟರಿ ಅಲ್ಲದವರು ನೋಟರಿ ಅಂತ ಹೇಳಿಕೊಂಡರೆ 1 ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ ಆಗಬಹುದು.

ಪ್ಲಾಟು ತಗೋತಾ ಇದ್ದೇವೆ. ಬಾಂಡ್ ಮೇಲೆ ಬರೆದು ನೋಟರಿ ಮಾಡಿಸಿದರೆ ನಮ್ಮದಾಗುತ್ತಾ?

ಆಗುವುದಿಲ್ಲ. 100 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಮಾರಾಟ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು. ದಾನಪತ್ರಕ್ಕೂ ಅದೇ ದಾರಿ. ಈ ಮಾತು 1908ರ ನೋಂದಣಿ ಕಾಯ್ದೆಯಷ್ಟು ಹಳೆಯದು. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಮನೆ ಕೊಂಡೆ ಅನ್ನುವುದಕ್ಕೂ ಬೆಲೆ ಇಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನಮ್ಮಪ್ಪ ಊರ ಹೊರಗೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಹೊಲದಲ್ಲಿ ಒಂದು ಪ್ಲಾಟು ಹಿಡಿದಿದ್ದರು. ದಲ್ಲಾಳಿ, "ನೋಟರಿ ಆಗೇತಿ, ಸೀಲ್ ಐತಿ, ಎನ್‌ಎ ಆದಮ್ಯಾಲೆ ರಿಜಿಸ್ಟರ್ ಮಾಡಿಕೊಡ್ತೀವಿ" ಅಂದಿದ್ದ. ಅಪ್ಪ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿ ಮೇಲೆ ಇಟ್ಟಿದ್ದರು. ಆರು ವರ್ಷದ ಮೇಲೆ ಬೇಲಿ ಹಾಕಲು ಹೋದರೆ ಅಲ್ಲಿ ಇನ್ನೊಬ್ಬರು ಪಾಯ ತೆಗೆಸುತ್ತಿದ್ದರು. ಅವರ ಕೈಯಲ್ಲೂ ಅಂಥದೇ ಸೀಲಿನ ಕಾಗದ. ಮೂರನೆಯವರು ಆಮೇಲೆ ಬಂದರು.

ಹಿಂಗೆ ಆಗೋದು ಹೇಗೆ ಅಂತ ನನಗೆ ತಿಳಿದದ್ದು ಈ ಕೆಲಸಕ್ಕೆ ಬಂದ ಮೇಲೆ. ರಿಜಿಸ್ಟರ್ ಆದ ಕಾಗದ ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ ಕಾಣುತ್ತದೆ. ಯಾರು ತೆಗೆಸಿದರೂ ಗೊತ್ತಾಗುತ್ತದೆ. ನೋಟರಿ ಆದ ಕಾಗದದ ದಾಖಲೆ ಆ ನೋಟರಿಯ ಪುಸ್ತಕದಲ್ಲೇ ಉಳಿಯುತ್ತದೆ. ಇಸಿ ತೆಗೆಸಿದರೆ ಖಾಲಿ. ಹಂಗಾಗಿ ಒಂದೇ ಪ್ಲಾಟನ್ನು ಮೂವರಿಗೆ ಕೊಡಲು ಮೂರು ಬಾಂಡ್ ಸಾಕು. ಆ ಮೂರೂ ಕಡೆ ನೋಟರಿ ತಮ್ಮ ಕೆಲಸ ಸರಿಯಾಗಿಯೇ ಮಾಡಿರಬಹುದು. ಸಹಿ ಮಾಡಿದವನು ಅವನೇ ಅಲ್ವಾ?

ಬಾಡಿಗೆ ಕರಾರು?

11 ತಿಂಗಳದ್ದು ಅಂದರೆ ನೋಂದಣಿ ಕಡ್ಡಾಯ ಅಲ್ಲ, ಬಾಂಡ್ ಮೇಲೆ ಬರೆದು ನೋಟರಿ ಮಾಡಿಸುವುದು ರೂಢಿ. ವರ್ಷಕ್ಕಿಂತ ಜಾಸ್ತಿ ಅವಧಿ ಇದ್ದರೆ ನೋಂದಣಿ ಬೇಕು. ಸ್ಟ್ಯಾಂಪ್ ಸುಂಕ ಬಾಡಿಗೆ, ಡಿಪಾಸಿಟ್ ನೋಡಿ ಕಟ್ಟುವುದು.

ಉಯಿಲಿಗೆ ನೋಟರಿ ಬೇಕೇ ಬೇಕಂತೆ, ಹೌದಾ?

ಬೇಡ. ಬಾಂಡೂ ಬೇಡ. ಬಿಳಿ ಹಾಳೆ ಮೇಲೆ ಬರೆದು, ಬರೆದವರು ಸಹಿ ಮಾಡಿ, ಇಬ್ಬರು ಸಾಕ್ಷಿದಾರರು ಸಹಿ ಮಾಡಿದರೆ ಉಯಿಲು ಉಯಿಲೇ. ಜಗಳ ಬರುವ ಅನುಮಾನ ಇದ್ದರೆ ನೋಟರಿಗಿಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸುವುದು ಗಟ್ಟಿ. ಅದೂ ಕಡ್ಡಾಯವಲ್ಲ.

ನೋಟರಿ ಮುಂದೆ ಮದುವೆ, ಸೋಡಪತ್ರ (ವಿಚ್ಛೇದನದ ಕಾಗದ) ಆಗುತ್ತಾ?

ಎರಡೂ ಆಗುವುದಿಲ್ಲ. ನೋಟರಿಗಳು ಮದುವೆ ಅಥವಾ ವಿಚ್ಛೇದನದ ಕಾಗದ ಮಾಡಿಕೊಡಬಾರದು ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಕಾನೂನು ಸಚಿವಾಲಯ ಸುತ್ತೋಲೆಯನ್ನೇ ಕಳಿಸಿದೆ. ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಆಫೀಸ್, ವಿಚ್ಛೇದನಕ್ಕೆ ಕೋರ್ಟ್. ಹಿರಿಯರು ಕೂತು ನೂರು ರೂಪಾಯಿ ಬಾಂಡ್ ಮೇಲೆ "ಇನ್ನು ಮುಂದೆ ನಮಗೂ ಇವರಿಗೂ ಸಂಬಂಧ ಇಲ್ಲ" ಅಂತ ಬರೆಸುವುದು ಹಳ್ಳಿ ಕಡೆ ಇನ್ನೂ ನಡೆದಿದೆ. ಆ ಕಾಗದ ನಂಬಿ ಎರಡನೇ ಮದುವೆ ಮಾಡಿಕೊಂಡವರು ಆಮೇಲೆ ಕೋರ್ಟಿಗೆ ಅಲೆಯುವುದನ್ನು ನನ್ನ ಕಿಟಕಿಯಿಂದಲೇ ನೋಡಿದ್ದೇನೆ. ನಾನು ಅಂಥದ್ದು ಟೈಪ್ ಮಾಡುವುದಿಲ್ಲ.

ಝೆರಾಕ್ಸ್ ಮೇಲೆ "ಟ್ರೂ ಕಾಪಿ" ಮಾಡಿಸಬೇಕು. ಮೂಲ ಪ್ರತಿ ತರಬೇಕಾ?

ತರಲೇಬೇಕು. ಮೂಲ ನೋಡದೆ ಮೂಲದಂತೆಯೇ ಇದೆ ಅಂತ ಯಾರು ಬರೆಯುತ್ತಾರೆ? ಬಹಳ ಕಡೆ ಈಗ ಸ್ವಯಂ ದೃಢೀಕರಣ ಸಾಕು. ಅದನ್ನೂ ಕೇಳಿಕೊಂಡು ಬನ್ನಿ.

ಮಗ ವಿದೇಶದಲ್ಲಿದ್ದಾನೆ. ಅವನ ಮುಖ್ತಿಯಾರ್ ಪತ್ರ ಇಲ್ಲಿ ನೋಟರಿ ಮಾಡಿಸಬಹುದಾ?

ಅವನು ಇಲ್ಲಿಲ್ಲ ಅಂದಮೇಲೆ ಇಲ್ಲಿಯ ನೋಟರಿ ಹೇಗೆ ಮಾಡುತ್ತಾರೆ? ಅವನು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೋ ಕಾನ್ಸುಲೇಟ್‌ಗೋ ಹೋಗಿ ಅಲ್ಲಿ ಸಹಿ ಮಾಡಿ ಕಳಿಸಬೇಕು. ಕಾಗದ ಇಲ್ಲಿಗೆ ಮುಟ್ಟಿದ ಮೂರು ತಿಂಗಳ ಒಳಗೆ ಸ್ಟ್ಯಾಂಪ್ ಸುಂಕ ಕಟ್ಟಿಸಿ. ಬಂದ ಲಕೋಟೆಯನ್ನು ಬಿಸಾಡಬೇಡಿ, ಯಾವತ್ತು ಮುಟ್ಟಿತು ಅನ್ನುವುದಕ್ಕೆ ಅದೇ ಆಧಾರ.

ಇಲ್ಲಿಂದ ಹೊರದೇಶಕ್ಕೆ ಕಾಗದ ಹೋಗಬೇಕಿದ್ದರೆ ಬರೇ ನೋಟರಿ ಸಾಲದು. ಕೆಲವು ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಒಂದು ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ ಮುದ್ರೆ ಬೇಕು, ಭಾರತ ಆ ಒಪ್ಪಂದಕ್ಕೆ 2005ರಲ್ಲಿ ಸೇರಿದೆ. ಉಳಿದ ದೇಶಗಳಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಕೇಳಿದ ಕಾಲೇಜು ಅಥವಾ ಕಂಪನಿಯಿಂದ ಲಿಖಿತವಾಗಿ ತರಿಸಿಕೊಂಡು ಶುರುಮಾಡಿ.

ಸುಳ್ಳು ಅಫಿಡವಿಟ್ ಕೊಟ್ಟರೆ ಏನಾಗುತ್ತದೆ?

"ಎಲ್ಲಾರೂ ಕೊಡ್ತಾರ್ರೀ" ಅಂತ ನಗುವವರಿಗೆ: ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಳ್ಳು ಸಾಕ್ಷ್ಯ ಅಪರಾಧ. ಕೋರ್ಟ್ ವ್ಯವಹಾರದಲ್ಲಿ ಆದರೆ 7 ವರ್ಷದವರೆಗೆ, ಬೇರೆ ಕಡೆ 3 ವರ್ಷದವರೆಗೆ ಜೈಲು ಇದೆ. ಯಾರೋ ಬರೆಸಿದ್ದನ್ನು ಓದದೆ ಸಹಿ ಮಾಡಿದೆ ಅನ್ನುವ ಮಾತು ಉಪಯೋಗಕ್ಕೆ ಬರುವುದಿಲ್ಲ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಸಿ. ಕನ್ನಡ ಅಫಿಡವಿಟ್‌ಗೆ ನೋಟರಿ ಆಗುತ್ತದೆ.

ಗದಗಿನಲ್ಲಿ ನೋಟರಿ ಮಾಡಿಸಿದ್ದು ಧಾರವಾಡದಲ್ಲಿ ನಡೆಯುತ್ತಾ?

ನಡೆಯುತ್ತದೆ. ಪ್ರದೇಶದ ಮಿತಿ ಇರುವುದು ನೋಟರಿಗೆ. ಗದಗಿನ ನೋಟರಿ ತಮ್ಮ ಪ್ರದೇಶದಲ್ಲೇ ಕೂತು ಸೀಲ್ ಹಾಕಬೇಕು. ಕಾಗದ ಎಲ್ಲಿ ಬೇಕಾದರೂ ಓಡಾಡಬಹುದು.

ಮನೆಗೆ ಹೋದ ಮೇಲೆ ತಪ್ಪು ಕಂಡಿತು. ವೈಟ್ನರ್ ಹಚ್ಚಿ ತಿದ್ದಲಾ?

ಅಯ್ಯೋ, ಬೇಡ. ನೋಟರಿ ಆದ ಮೇಲೆ ಒಂದು ಚುಕ್ಕೆಯನ್ನೂ ಮುಟ್ಟಬೇಡಿ. ಅಲ್ಲೇ ಕೂತಾಗ ಕಂಡಿದ್ದರೆ ಅಡ್ಡಗೆರೆ ಎಳೆದು, ಸರಿಯಾದದ್ದು ಬರೆದು, ನೀವೂ ನೋಟರಿಯೂ ಪಕ್ಕದಲ್ಲಿ ಸಣ್ಣ ಸಹಿ ಮಾಡಿದರೆ ಮುಗಿಯುತ್ತಿತ್ತು. ಈಗ ಹೊಸದೇ ಮಾಡಿಸಬೇಕು. ಅದಕ್ಕೇ ಹೇಳೋದು, ಕುರ್ಚಿಯಿಂದ ಏಳುವ ಮುಂಚೆ ಪ್ರತಿ ಪುಟದಲ್ಲಿ ಸಹಿ, ಸೀಲ್, ತಾರೀಖು ನೋಡಿ. ಖಾಲಿ ಬಿಟ್ಟ ಜಾಗ ಇದ್ದರೆ ಗೆರೆ ಎಳೆಸಿ.

ಕಾಗದವೇ ಕಳೆದುಹೋದರೆ ನೋಟರಿ ಹತ್ತಿರ ಇನ್ನೊಂದು ಪ್ರತಿ ಸಿಗುತ್ತಾ?

ಅವರ ಪುಸ್ತಕದಲ್ಲಿ ಮಾಡಿಸಿದ ತಾರೀಖು, ನಂಬರ್, ನಿಮ್ಮ ಸಹಿ ಸಿಗುತ್ತದೆ. ಪೂರ್ತಿ ಕಾಗದ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಅಫಿಡವಿಟ್ ಆದರೆ ಹೊಸದು ಮಾಡಿಸಿದರೆ ಆಯಿತು. ಕರಾರು ಕಳೆದರೆ ಎದುರು ಪಾರ್ಟಿಯನ್ನು ಮತ್ತೆ ಕರೆತರಬೇಕು, ಅವರು ಬರುವುದಿಲ್ಲ ಅಂದರೆ ಕಷ್ಟ. ಮಾಡಿಸಿದ ದಿನವೇ ಎರಡು ಝೆರಾಕ್ಸ್ ತೆಗೆಸಿ, ಒಂದು ಫೋಟೋ ಹೊಡೆದು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ಮಷೀನ್ ನಮ್ಮಲ್ಲೇ ಇದೆ, ಆದರೆ ಮಧ್ಯಾಹ್ನ ಎರಡರಿಂದ ಮೂರು ಊಟಕ್ಕೆ ಹೋಗಿರುತ್ತೇನೆ.